ನೆರೆಮನೆಯ ಕಪಾಟಿನಲ್ಲಿ ಹೆರಿಗೆಯ ಚೀಲ

ಶೆಟಗೇರಿಯ ಭವ್ಯಾಳ ಹೆರಿಗೆಯ ಚೀಲವನ್ನು ಕಟ್ಟಿ ಮುಗಿಸಿದ ಮೂರನೆಯ ದಿನ ಅದನ್ನು ಮನೆಯಿಂದ ಹೊರಗೆ ಹಾಕಲಾಯಿತು. ಹೊರಗೆ ಹಾಕಿದವರು ಯಾರೂ ಕೆಟ್ಟವರಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಕೆಟ್ಟವರು ಮಾಡಿದ್ದರೆ ತಡೆಯುವುದಕ್ಕೆ ಯಾರಾದರೂ ಮುಂದೆ ಬರುತ್ತಿದ್ದರು. ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಲಾರದ ಒಳ್ಳೆಯವರೇ ಸೇರಿ ಮಾಡಿದ ಕೆಲಸವಾದ್ದರಿಂದ ತಡೆಯುವವರು ಉಳಿದಿರಲಿಲ್ಲ.

ಭವ್ಯಾಳಿಗೆ ಇದು ಚೊಚ್ಚಲು. ಏಳನೆಯ ತಿಂಗಳಲ್ಲಿ ಹಣಕೋಣದ ಗಂಡನ ಮನೆಯಿಂದ ತವರಿಗೆ ಬಂದವಳು, ಆಶಾ ಕಾರ್ಯಕರ್ತೆ ಬರೆಸಿದ ಪಟ್ಟಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟು, ದಿನಕ್ಕೆರಡು ಸಾಮಾನಿನಂತೆ ಹೊಂದಿಸಿದಳು. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಬಟ್ಟೆಯ ಎಂಟು ತುಂಡು, ಎದೆಯ ಮೇಲೆ ಗುಂಡಿಯಿರುವ ಎರಡು ನೈಟಿ, ಕೂಸಿಗೆ ಟೊಪ್ಪಿ, ಕಾಲುಚೀಲ, ಬಿಸಿನೀರಿಗೆ ಫ್ಲಾಸ್ಕು, ಲೋಟ, ಚಮಚ. ಎಲ್ಲದರ ಮೇಲೆ ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ತಾಯಿ ಕಾರ್ಡು, ಆಧಾರ್ ಪ್ರತಿ, ಸ್ಕ್ಯಾನಿಂಗ್ ವರದಿ, ಮತ್ತು ಅಂಕೋಲೆಯ ಡಾಕ್ಟರು ಬರೆದುಕೊಟ್ಟ ಪತ್ರ.

ಆ ಪತ್ರಕ್ಕೊಂದು ಕಾರಣವಿತ್ತು. ಭವ್ಯಾಳದು ಓ ನೆಗೆಟಿವ್ ರಕ್ತ. ಸುಲಭವಾಗಿ ಸಿಗುವ ಗುಂಪಲ್ಲ. ಅವಳ ಮೈಯಲ್ಲಿ ರಕ್ತವೂ ಕಡಿಮೆಯಿತ್ತು. ನೋವು ಬಂದ ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ತಡೆಯದೆ ಕಾರವಾರದ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು, ಅಲ್ಲಿ ಒಂದು ಬಾಟಲಿ ರಕ್ತ ಸಿದ್ಧವಿರಬೇಕು ಎಂದು ಡಾಕ್ಟರು ಆ ಪತ್ರದಲ್ಲಿ ಬರೆದಿದ್ದರು. ಬಾಯಲ್ಲೂ ಹೇಳಿದ್ದರು: "ಹೆದರುವಂಥದ್ದು ಏನಿಲ್ಲ. ಮರೆಯುವಂಥದ್ದೂ ಅಲ್ಲ." ಗಂಡ ಯೋಗೇಶ ಕಾರವಾರದಲ್ಲಿ ನೀರಿನ ಪೈಪು ಜೋಡಿಸುವ ಕೆಲಸದವನು. ಅವನು ಬಂದರಿನಲ್ಲಿ ವಿಚಾರಿಸಿ, ಅದೇ ಗುಂಪಿನ ರಕ್ತವಿರುವ ದುರ್ಗಪ್ಪ ಎಂಬ ಮೀನುಗಾರನನ್ನು ಹುಡುಕಿ ಒಪ್ಪಿಸಿದ್ದ. ಹೆರಿಗೆಯ ವಾರ ತಾನು ಬೋಟು ಹತ್ತುವುದಿಲ್ಲ ಎಂದು ದುರ್ಗಪ್ಪ ಮಾತು ಕೊಟ್ಟಿದ್ದ.

ಇಷ್ಟು ಅಚ್ಚುಕಟ್ಟಾಗಿದ್ದ ವ್ಯವಸ್ಥೆಯನ್ನು ಕೆಡಿಸುವುದಕ್ಕೆ ಒಂದು ಟೊಪ್ಪಿ ಸಾಕಾಯಿತು.

ಭವ್ಯಾಳ ತಾಯಿ ಮಾದಿ ಮಂಚದ ಕೆಳಗೆ ಗುಡಿಸುತ್ತಿದ್ದಾಗ ಕಸಬರಿಗೆ ಚೀಲಕ್ಕೆ ತಾಗಿತು.

"ಇದೆಂತದೇ?"

"ಬ್ಯಾಗು."

"ಬ್ಯಾಗು ಅಂತ ನಂಗೂ ಕಾಣ್ತದೆ. ಒಳಗೆ ಎಂತದು?"

"ಆಸ್ಪತ್ರೆಗೆ ಬೇಕಾದದ್ದು."

ಮಾದಿ ಜಿಪ್ಪು ಎಳೆದು ಕೈ ಹಾಕಿದಳು. ಮೊದಲು ಕೈಗೆ ಬಂದದ್ದು ಹಳದಿ ಬಣ್ಣದ ಅಂಗೈಯಷ್ಟಗಲದ ಟೊಪ್ಪಿ. ಬಿಸಿ ಪಾತ್ರೆ ಮುಟ್ಟಿದವಳಂತೆ ಅದನ್ನು ಕೈಬಿಟ್ಟಳು.

"ಹುಟ್ಟದ ಕೂಸಿಗೆ ಟೊಪ್ಪಿ ತಂದಿಟ್ಯಾ? ಅದೂ ಮನೆಯೊಳಗೆ?"

ಹುಟ್ಟಲಿರುವ ಕೂಸಿನ ಯಾವ ವಸ್ತುವೂ ಬಸುರಿ ಮಲಗುವ ಮಾಡಿನ ಕೆಳಗೆ ಇರಬಾರದೆಂಬುದು ಆ ಮನೆಯ ರೂಢಿ. ಯಾವ ಪುಸ್ತಕದಲ್ಲಿ ಬರೆದಿದೆ, ಯಾರು ಹೇಳಿದರು, ಇಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಉತ್ತರವಿಲ್ಲದ್ದರಿಂದಲೇ ಅದಕ್ಕೆ ಅಷ್ಟು ಬಲ.

"ನಾ ಇದನ್ನೆಲ್ಲ ನಂಬ್ತೆ ಅಂತಲ್ಲ" ಎಂದಳು ಮಾದಿ, ದನಿ ತಗ್ಗಿಸಿ. "ನಿನ್ನ ಅಜ್ಜಿ ಇದ್ದಾಳಲ್ಲ, ಎಂಬತ್ತು ದಾಟಿದ ಜೀವ. ಅವಳಿಗೆ ಬೇಜಾರಾಗೂದು ಬೇಡ. ನಿನ್ನ ಅತ್ತೆಗೆ ಗೊತ್ತಾದ್ರೆ ಇವರ ಮನೇಲಿ ಶಾಸ್ತ್ರ ಅನ್ನೂದೇ ಇಲ್ಲ ಅಂತ್ರು."

"ಅಮ್ಮಾ, ನೋವು ಬಂದಾಗ ಹುಡುಕ್ತಾ ಕೂರೂಕೆ ಆಗ್ತದ್ಯಾ?"

"ದೂರ ಎಲ್ಲೂ ಇಡೂದಿಲ್ಲ. ಭಾಸ್ಕರ ಮಾಸ್ತರ್ರ ಮನೇಲಿ ಇಟ್ರೆ ಆತು. ಎರಡು ಗದ್ದೆ ದಾಟಿದ್ರೆ ಅವರ ಅಂಗಳ."

"ಫೈಲಾದ್ರೂ ಇಲ್ಲಿರ್ಲಿ."

"ಫೈಲ್ನಲ್ಲಿ ಕೂಸಿನ ಫೋಟೋ ಅದೆಯಲ್ಲ."

"ಅದು ಸ್ಕ್ಯಾನಿಂಗು. ಅದ್ರಲ್ಲಿ ಮೂಗು ಯಾವುದು ಮೊಣಕಾಲು ಯಾವುದು ಅಂತ ನೋಡ್ದವರಿಗೂ ಗೊತ್ತಾಗುದಿಲ್ಲ."

"ಮೊಣಕಾಲಾದ್ರೂ ಕೂಸಿಂದೇ ಅಲ್ದಾ?"

 ಭವ್ಯಾ ಬಿ.ಕಾಂ. ಮುಗಿಸಿದವಳು. ಮೊಣಕಾಲಿನ ವಿಷಯ ಅಲ್ಲಿ ಪಾಠಕ್ಕಿರಲಿಲ್ಲ. ಗಂಡನಿಗೆ ಫೋನು ಮಾಡಿದಳು. ಯೋಗೇಶ ಎಲ್ಲವನ್ನೂ ಕೇಳಿ, ತನಗೂ ಇಂಥದ್ದರಲ್ಲಿ ನಂಬಿಕೆಯಿಲ್ಲವೆಂದು ಮೊದಲು ಸ್ಪಷ್ಟಪಡಿಸಿ, ಆಮೇಲೆ, "ನಿನ್ನ ಅಮ್ಮನ ಮನೆ. ಅಳಿಯ ಆದವ ನಾನು ಎಂತ ಹೇಳೂದು?" ಎಂದ. ಹೆಂಡತಿಯ ರಕ್ತಕ್ಕಾಗಿ ಬಂದರನ್ನೆಲ್ಲ ಸುತ್ತಿದ್ದ ಮನುಷ್ಯ, ಅತ್ತೆಗೆ ಒಂದು ಮಾತು ಹೇಳುವ ಧೈರ್ಯಕ್ಕೆ ಬಂದಾಗ ಅಳಿಯನಾಗಿಬಿಟ್ಟ. ನಮ್ಮ ಗಂಡಸರ ಸೌಜನ್ಯ ಯಾವಾಗಲೂ ಹೆಂಗಸಿನ ಜೀವಕ್ಕೆ ಸಂಬಂಧಿಸಿದ ಜಾಗದಲ್ಲಿಯೇ ಏಕೆ ಜಾಗೃತವಾಗುತ್ತದೆ ಎಂಬುದನ್ನು ಯಾರಾದರೂ ವಿಚಾರಿಸಬೇಕಾಗಿದೆ.

ಅಂದು ಸಂಜೆ ಹಣಕೋಣದಿಂದ ಯೋಗೇಶನ ತಾಯಿ ವೀಣಾಳ ಫೋನು ಬಂತು.

"ಮಾದಕ್ಕಾ, ಬ್ಯಾಗು ಗೀಗು ತುಂಬಿ ಇಟ್ರಾ ಹೇಗೆ?"

ಸೊಸೆ ಸಿದ್ಧಳಾಗಿದ್ದಾಳೆಯೇ ಎಂದು ತಿಳಿಯುವ ಆತುರ ವೀಣಾಳದು. ಮಾದಿಗೆ ಅದು ಪರೀಕ್ಷೆಯಂತೆ ಕೇಳಿಸಿತು.

"ಇಲ್ಲ ವೀಣಕ್ಕ, ಮನೆಯೊಳಗೆ ಒಂದು ಚೂರು ಬಟ್ಟೆ ಇಟ್ಟಿಲ್ಲ. ನಮ್ಮಲ್ಲಿ ಶಾಸ್ತ್ರ ಬಿಡೂದಿಲ್ಲ."

 ತಮ್ಮಲ್ಲಿ ಎರಡು ತಿಂಗಳ ಮೊದಲೇ ತುಂಬಿಡುತ್ತಾರೆ ಎಂಬ ಮಾತು ವೀಣಾಳ ತುದಿನಾಲಿಗೆಯಲ್ಲಿತ್ತು. ಆದರೆ ಬೀಗರ ಮನೆಯ ಪದ್ಧತಿಗೆ ಎದುರಾಡುವುದು ಹೇಗೆ?

"ಒಳ್ಳೇದಾತು ಬಿಡಿ. ಶಾಸ್ತ್ರ ಇರಬೇಕು" ಎಂದಳು.

ಹೀಗೆ ಇಬ್ಬರು ತಾಯಂದಿರು ತಮಗೆ ಬೇಡದ ಒಂದು ಶಾಸ್ತ್ರವನ್ನು ಪರಸ್ಪರ ಹೊಗಳಿ ಗಟ್ಟಿಗೊಳಿಸಿದರು.

ಭಾಸ್ಕರ ಮಾಸ್ತರರು ನಿವೃತ್ತ ಮುಖ್ಯೋಪಾಧ್ಯಾಯರು, ವಿಧುರರು. ಒಬ್ಬರೇ ಇದ್ದರು. ಅವರ ಅಂಗಳದ ಕಂಬಕ್ಕೆ 'ಪ್ರಶ್ನಿಸದೆ ಒಪ್ಪಬೇಡ' ಎಂದು ಬರೆದ ಹಲಗೆಯಿತ್ತು. ಮಾದಿ ಚೀಲ ಹಿಡಿದು ಆ ಹಲಗೆಯ ಕೆಳಗೇ ನಿಂತಳು.

"ನಾನು ಮೂವತ್ತೆರಡು ವರ್ಷ ಮಕ್ಕಳಿಗೆ ಮೂಢನಂಬಿಕೆ ಬೇಡ ಅಂತ ಪಾಠ ಮಾಡಿದವ, ಮಾದಿ" ಎಂದರು ಮಾಸ್ತರರು, ಕನ್ನಡಕ ತೆಗೆದು.

"ಹೌದು ಮಾಸ್ತರ್ರೆ, ಅದಕ್ಕೇ ನಿಮ್ಮಲ್ಲಿ ತಂದದ್ದು. ನಂಬುವವರ ಮನೇಲಿ ಇಟ್ರೆ ಅವರಿಗೆ ಏನಾದ್ರೂ ತಾಗೀತು. ನಿಮಗೆ ಎಂತದೂ ತಾಗುದಿಲ್ಲಲ್ಲ."

ಮಾಸ್ತರರು ಈ ಮಾತನ್ನು ಎರಡು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದರು. ಅದರಲ್ಲಿ ಎಲ್ಲಿಯೋ ಒಂದು ಗೌರವವೂ ಇದ್ದಂತೆ ಕಂಡಿತು. ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ಇದನ್ನು ಎತ್ತಿಕೊಂಡು ಹೋಗಿ ಮಗಳ ಮಂಚದ ಕೆಳಗಿಡು. ಆ ಒಂದು ವಾಕ್ಯಕ್ಕಾಗಿಯೇ ಸರಕಾರ ಅವರಿಗೆ ಮೂವತ್ತೆರಡು ವರ್ಷ ಸಂಬಳ ಕೊಟ್ಟಿತ್ತೆಂದರೂ ತಪ್ಪಲ್ಲ. ಅದನ್ನು ಅವರು ಹೇಳಲಿಲ್ಲ. "ಜನರ ಭಾವನೆಗೂ ಬೆಲೆ ಕೊಡಬೇಕಾಗ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು. ಮನೆಯಲ್ಲಿ ಇಲಿಗಳ ಕಾಟ. ಆದ್ದರಿಂದ ಚೀಲವನ್ನು ಕಬ್ಬಿಣದ ಕಪಾಟಿನಲ್ಲಿ ತಮ್ಮ ಮಡಿಸಿದ ಪಂಚೆಗಳ ಪಕ್ಕದಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಬಾಗಿಲಿನ ಕೀಲಿಯಿದ್ದ ಗೊಂಚಲಿಗೇ ಸೇರಿಸಿದರು. ಜವಾಬ್ದಾರಿಯ ವಿಷಯದಲ್ಲಿ ಅವರು ಯಾವಾಗಲೂ ಕಟ್ಟುನಿಟ್ಟು.

ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಶನಿವಾರ. ದಿನ ತುಂಬುವುದಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಭವ್ಯಾ ಜಗಲಿಯ ಮೇಲೆ ಬಸಳೆ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, ಗೋಡೆ ಹಿಡಿದು ಎದ್ದು, "ಅಮ್ಮಾ, ನೂರಾ ಎಂಟಕ್ಕೆ ಫೋನು ಮಾಡು. ನೀರು ಹೋತು" ಎಂದಳು. ಅವಳ ಮಾತಿನಲ್ಲಿ ಗಾಬರಿಯಿರಲಿಲ್ಲ. ಗಾಬರಿ ಬೀಳಬಾರದೆಂದೇ ಅವಳು ಎರಡು ತಿಂಗಳಿಂದ ಸಿದ್ಧತೆ ಮಾಡಿದ್ದಳು.

ಮಾದಿ ಫೋನು ಮಾಡಿ, ಗದ್ದೆಯ ಅಂಚಿನ ಮೇಲೆ ಮಾಸ್ತರರ ಮನೆಗೆ ಓಡಿದಳು. ಬಾಗಿಲಿಗೆ ಬೀಗವಿತ್ತು.

ಮಾಸ್ತರರು ಎಂಟರ ಬಸ್ಸಿಗೆ ಕಾರವಾರಕ್ಕೆ ಹೋಗಿದ್ದರು. ಅಲ್ಲಿಯ ಒಂದು ಪ್ರೌಢಶಾಲೆಯ ಬಹುಮಾನ ವಿತರಣೆಗೆ ಅವರೇ ಮುಖ್ಯ ಅತಿಥಿ. ಮಾದಿ ಹದಿನೇಳು ಸಲ ಕರೆ ಮಾಡಿದಳು. ಮಾಸ್ತರರು ಎತ್ತಲಿಲ್ಲ. ಸಭೆಯಲ್ಲಿ ಎಲ್ಲರೂ ಮೊಬೈಲನ್ನು ಮೌನಗೊಳಿಸಬೇಕೆಂದು ಕೋರಿ, ಮಾದರಿಯಾಗಿ ತಮ್ಮದನ್ನೇ ಮೊದಲು ಮೌನಗೊಳಿಸಿದ್ದರು.

ಆಂಬುಲೆನ್ಸು ಬಂತು. ಭವ್ಯಾಳನ್ನು ಹತ್ತಿಸಿಕೊಂಡ ಸಿಬ್ಬಂದಿಯ ಹೆಂಗಸು ಕೇಳಿದಳು: "ತಾಯಿ ಕಾರ್ಡು, ಡಾಕ್ಟರ ಪತ್ರ?"

"ಅಲ್ಲಿ ಅದೆ" ಎಂದು ಭವ್ಯಾ ಗದ್ದೆಯಾಚೆಯ ಮನೆಯನ್ನು ತೋರಿಸಿದಳು.

"ಅದು ಯಾರ ಮನೆ?"

"ಮಾಸ್ತರ್ರದ್ದು."

ಆ ಹೆಂಗಸು ಇನ್ನೇನನ್ನೂ ಕೇಳಲಿಲ್ಲ. ಕೆಲಸದಲ್ಲಿ ಬಹಳ ಕಂಡವಳಿರಬೇಕು.

ಭವ್ಯಾ ಗಾಡಿಯೊಳಗಿನಿಂದಲೇ ಕೂಗಿದಳು: "ಅಮ್ಮಾ, ಬೀಗ ಒಡೀ."

"ಮಾಸ್ತರ್ರ ಮನೆ ಬೀಗ ಒಡಿಯೂದಾ? ಅವರು ಎಂತ ತಿಳ್ಕಳ್ತ್ರು?"

ಮಗಳಿಗೆ ನೋವು ಮೂರನೆಯ ಸಲ ಏರಿ ಇಳಿಯುತ್ತಿತ್ತು. ತಾಯಿ ನಿವೃತ್ತ ಮುಖ್ಯೋಪಾಧ್ಯಾಯರ ಅಭಿಪ್ರಾಯದ ಚಿಂತೆಯಲ್ಲಿದ್ದಳು. ಇದನ್ನು ಕ್ರೌರ್ಯವೆಂದು ಕರೆಯಲು ಬರುವುದಿಲ್ಲ. ಮಾದಿ ಮಗಳಿಗಾಗಿ ಜೀವ ಕೊಡುತ್ತಿದ್ದಳು. ಆದರೆ ಅವಳಿಂದ ಯಾರೂ ಜೀವ ಕೇಳಿರಲಿಲ್ಲ, ಒಂದು ಬೀಗ ಕೇಳಿದ್ದರು.

ಇಷ್ಟರಲ್ಲಿ ಅಜ್ಜಿ ಹೊನ್ನಿ ಕೋಲೂರಿಕೊಂಡು ಗದ್ದೆಯ ಅಂಚಿಗೆ ಬಂದಳು. ಅವಳಿಗೆ ಕಿವಿ ಮಂದ. ಆದ್ದರಿಂದ ಮನೆಯ ಮುಖ್ಯ ಸಂಗತಿಗಳು ಅವಳಿಗೆ ಕೊನೆಯಲ್ಲಿ ತಿಳಿಯುತ್ತಿದ್ದವು.

"ಎಂತ ಮಾಡ್ತೇ ಇಲ್ಲಿ ನಿಂತ್ಕಂಡು? ಗಾಡಿ ಬಂದದೆ."

"ಬ್ಯಾಗು ಒಳಗೆ ಅದೆ, ಅತ್ತೆ."

"ನಮ್ಮ ಬ್ಯಾಗು ಮಾಸ್ತರ್ರ ಮನೇಲಿ ಎಂತಕೆ?"

ಮಾದಿ ತಲೆ ತಗ್ಗಿಸಿ, ಗಟ್ಟಿಯಾಗಿ, ಅತ್ತೆಯ ಕಿವಿಯ ಹತ್ತಿರ ಹೇಳಿದಳು: "ನಿಮಗೆ ಬೇಜಾರಾಗೂದು ಬೇಡ ಅಂತ. ಕೂಸು ಹುಟ್ಟೂಕೆ ಮುಂಚೆ ಬಟ್ಟೆ ಮನೆಯೊಳಗೆ ಇಡೂಕೆ ಆಗೂದಿಲ್ಲ ಅಂತ ನೀವೇ ಹೇಳ್ತಿದ್ರಿ ಅಲ್ದಾ."

"ನಾ ಯಾವಾಗ ಹೇಳ್ದೆ?"

"ನಾ ಮದಿಯಾಗಿ ಈ ಮನೆಗೆ ಬಂದಾಗ. ನಾವು ಏನೂ ಇಟ್ಟವರಲ್ಲ ಅಂತ ಹೇಳಿದ್ರಿ."

ಹೊನ್ನಿ ಕೋಲಿನ ಮೇಲೆ ಎರಡೂ ಕೈ ಊರಿ ಸೊಸೆಯನ್ನು ನೋಡಿದಳು. "ಇಡ್ಲಿಲ್ಲ ಅಂತ ಹೇಳ್ದೆ, ಹೌದು. ಇಡೂಕೆ ಎಂತ ಇತ್ತೇ ನಮ್ಮತ್ರ? ಏಳು ಹೆತ್ತೆ. ಉಟ್ಟದ್ದೊಂದು ಸೀರೆ, ಒಣಗೂಕೆ ಹಾಕಿದ್ದೊಂದು. ಕೂಸು ಹುಟ್ಟಿದ ಮೇಲೆ ಅಕ್ಕಪಕ್ಕದವರು ಹಳೇ ಬಟ್ಟೆ ಹರಿದು ಕೊಡ್ತಿದ್ರು. ಇದ್ದಿದ್ರೆ ಇಡ್ತಿದ್ದೆ, ಮಾರಾಯ್ತಿ."

ಬಡತನದಿಂದ ಒಂದು ತಲೆಮಾರು ಮಾಡಲಾಗದೆ ಹೋದದ್ದನ್ನು ಮುಂದಿನ ತಲೆಮಾರು ಮಾಡಬಾರದ್ದೆಂದು ತಿಳಿಯಿತು. ಅದರ ಮುಂದಿನ ತಲೆಮಾರು ಅದಕ್ಕಾಗಿ ಈಗ ರಸ್ತೆಯ ಮೇಲೆ ನಿಂತ ಗಾಡಿಯಲ್ಲಿ ಹಲ್ಲು ಕಚ್ಚಿಕೊಂಡು ಮಲಗಿತ್ತು.

ಹೊನ್ನಿ ಬಗ್ಗಿ ಮಾಸ್ತರರ ಅಂಗಳದಲ್ಲಿ ಬಿದ್ದಿದ್ದ ಚಿರೆಕಲ್ಲಿನ ತುಂಡೊಂದನ್ನು ಎತ್ತಿಕೊಂಡು, 'ಪ್ರಶ್ನಿಸದೆ ಒಪ್ಪಬೇಡ' ಎಂಬ ಹಲಗೆಯನ್ನು ದಾಟಿ ಹೋಗಿ, ಬಾಗಿಲಿನ ಬೀಗದ ಮೇಲೆ ಕುಟ್ಟಿದಳು. ನಾಲ್ಕನೆಯ ಪೆಟ್ಟಿಗೆ ಹಳೆಯ ಮರದ ಚಿಲಕವೇ ಬೀಗದ ಸಮೇತ ಕಿತ್ತು ಬಂತು. ಒಳಗೆ ಹೋದರು. ಎದುರಿಗೆ ಕಬ್ಬಿಣದ ಕಪಾಟು, ಆರಡಿ ಎತ್ತರ, ಬೂದಿ ಬಣ್ಣ. ಚಿರೆಕಲ್ಲು ಅದರ ಮೇಲೆ ಬಿದ್ದು ಪುಡಿಯಾಯಿತು. ಕಪಾಟು ಅಲುಗಲಿಲ್ಲ. ಹೊರಗೆ ಆಂಬುಲೆನ್ಸಿನ ಚಾಲಕ ಹಾರ್ನು ಬಾರಿಸಿದ.

"ಬಿಡು" ಎಂದಳು ಹೊನ್ನಿ. "ಹೆರೂದು ಅವಳು, ಬ್ಯಾಗಲ್ಲ." ತಾನು ಮನೆಗೆ ಹೋಗಿ ಕೈಚೀಲದಂಥ ಒಂದು ಪ್ಲಾಸ್ಟಿಕ್ ಕೊಟ್ಟೆ ಹಿಡಿದು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಗಾಡಿ ಹತ್ತಿದಳು.

ಮಾದಿ ಹತ್ತುವ ಮೊದಲು ಒಂದು ಕೊನೆಯ ಉಪಾಯ ಮಾಡಿದಳು. ಕಾರವಾರದಲ್ಲಿದ್ದ ಅಳಿಯನಿಗೆ ಫೋನು ಮಾಡಿ, ಮಾಸ್ತರರು ಅತಿಥಿಯಾಗಿ ಹೋದ ಶಾಲೆಗೆ ಓಡಿ ಅವರಿಂದ ಕಪಾಟಿನ ಕೀಲಿ ತರಬೇಕೆಂದು ಹೇಳಿದಳು.

ಯೋಗೇಶ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಒದ್ದೆ ಪ್ಯಾಂಟಿನಲ್ಲಿಯೇ ಬೈಕು ಹತ್ತಿದ. ಶಾಲೆಯ ಸಭಾಂಗಣದಲ್ಲಿ ಮಾಸ್ತರರ ಭಾಷಣ ನಡೆದಿತ್ತು. ನಂಬಿಕೆಗೂ ಮೂಢನಂಬಿಕೆಗೂ ಇರುವ ವ್ಯತ್ಯಾಸವನ್ನು ಅವರು ನಾಲ್ಕು ಅಂಶಗಳಲ್ಲಿ ವಿವರಿಸುತ್ತ ಮೂರನೆಯದಕ್ಕೆ ಬಂದಿದ್ದರು. ಯೋಗೇಶ ವೇದಿಕೆಯ ಪಕ್ಕದಲ್ಲಿ ನಿಂತು ಕೈ ಮಾಡಿದ. ಮಾಸ್ತರರು ಒಂದು ಬೆರಳೆತ್ತಿ, ತಡೆ ಎಂದು ಸೂಚಿಸಿದರು. ಅವನು ಎರಡನೆಯ ಸಲ ಕೈ ಮಾಡಿದಾಗ ಮುಖ್ಯೋಪಾಧ್ಯಾಯಿನಿ ಬಂದು, ಮುಗಿಯಲಿ ಎಂದು ಮೆಲ್ಲಗೆ ಹೇಳಿದರು. ಯೋಗೇಶ ಮುಗಿಯಲಿ ಎಂದು ಕಾದ. ಅವನೂ ಒಳ್ಳೆಯವನೇ. ನಾಲ್ಕನೆಯ ಅಂಶ ದೀರ್ಘವಾಗಿತ್ತು.

ಇತ್ತ ಆಂಬುಲೆನ್ಸಿಗೆ ನೇರವಾಗಿ ಕಾರವಾರದ ಹಾದಿ ಹಿಡಿಯಲಾಗಲಿಲ್ಲ. ಪತ್ರವಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕೆಂಬುದು ಅವರ ನಿಯಮ. ಅಂಕೋಲೆಯಲ್ಲಿ ನಿಲ್ಲಿಸಿದಾಗ ಅದೇ ಡಾಕ್ಟರು ಗಾಡಿಯ ಹತ್ತಿರವೇ ಬಂದು ಪರೀಕ್ಷಿಸಿ, ಅದೇ ಪತ್ರವನ್ನು ಎರಡನೆಯ ಸಲ ಬರೆದರು. "ಮೊದಲು ಬರೆದದ್ದು ಏನಾಯ್ತು?" ಎಂದು ಕೇಳಿದರು. ಮಾದಿ ನೆಲ ನೋಡಿದಳು. ಇಪ್ಪತ್ತೈದು ನಿಮಿಷ ಹೋದವು.

ಹೆದ್ದಾರಿಗೆ ಬಂದ ಮೇಲೆ ಭವ್ಯಾ, ಎರಡು ನೋವುಗಳ ನಡುವಿನ ಬಿಡುವಿನಲ್ಲಿ, ತಾಯಿಯ ಕೈಯಿಂದ ಫೋನು ತೆಗೆದುಕೊಂಡಳು.

"ಎಲ್ಲಿದ್ರಿ?"

"ಕೀಲಿ ಸಿಕ್ತು" ಎಂದ ಯೋಗೇಶ. ದನಿಯಲ್ಲಿ ಗೆದ್ದವನ ಕಳೆಯಿತ್ತು.

"ಕೀಲಿ ತಕಂಡು ಎಂತ ಮಾಡ್ತ್ರಿ? ಕಪಾಟು ಶೆಟಗೇರೀಲಿ ಅದೆ. ನಾನು ಗಾಡೀಲಿ ಇದ್ದೆ. ನೀವು ಕಾರವಾರದಲ್ಲಿ."

 ಮೂರು ಊರುಗಳ ನಡುವಿನ ದೂರವನ್ನು ಯೋಗೇಶ ಮೊದಲ ಸಲ ಲೆಕ್ಕ ಹಾಕುತ್ತಿದ್ದ.

"ದುರ್ಗಪ್ಪಣ್ಣ ಎಲ್ಲಿ?"

"ಅವ... ಇನ್ನೂ ಹನ್ನೆರಡು ದಿನ ಅದೆ ಅಂತ ನಾನೇ ಹೇಳಿದ್ದೆ. ಇವತ್ತು ಮಧ್ಯಾಹ್ನ ಬೋಟು ಬಿಡ್ತದಂತೆ. ಫೋನು ಎತ್ತೂದಿಲ್ಲ."

"ಎಷ್ಟು ಸಲ ಮಾಡಿದ್ರಿ?"

"ಈಗ ಒಂದ್ಸಲ."

"ಹೋಗಿ ಕರಕಂಡು ಬನ್ನಿ. ಬೋಟು ಹತ್ತಿದ್ರೆ ಕೆಳಗೆ ಇಳಿಸಿ." ಅವಳು ಉಸಿರು ಬಿಗಿಹಿಡಿದು ನೋವು ದಾಟಿಸಿದಳು. "ಮತ್ತೆ ಯಾರದ್ದೂ ಮುಗೀಲಿ ಅಂತ ಕಾಯ್ಬೇಡಿ."

ಅವನು ಕಾದಿದ್ದ ಸಂಗತಿ ಅವಳಿಗೆ ಹೇಗೆ ತಿಳಿಯಿತೆಂದು ಯೋಗೇಶ ಕೇಳಲಿಲ್ಲ. ಒಂದೂವರೆ ವರ್ಷದ ಸಂಸಾರದಲ್ಲಿ ಅಷ್ಟು ತಿಳಿಯದಿದ್ದರೆ ಸಂಸಾರವೇ ಅಲ್ಲ.

ಬಂದರಿನಲ್ಲಿ ಬೋಟಿಗೆ ಐಸು ತುಂಬುತ್ತಿದ್ದರು. ದುರ್ಗಪ್ಪ ಐಸಿನ ಪುಟ್ಟಿ ಹೊತ್ತು ಹಲಗೆಯ ಮೇಲೆ ಅರ್ಧ ದಾರಿಯಲ್ಲಿದ್ದ. ಯೋಗೇಶ ಕೆಳಗಿನಿಂದ ವಿಷಯ ಕೂಗಿ ಹೇಳಿದ. ದುರ್ಗಪ್ಪ ಪುಟ್ಟಿಯನ್ನು ಪಕ್ಕದವನ ತಲೆಗೆ ದಾಟಿಸಿದ.

"ಹನ್ನೆರಡು ದಿನ ಅಂದಿದ್ದೆ ನೀನು?"

"ಕೂಸಿಗೆ ಹೇಳಿರ್ಲಿಲ್ಲ, ದುರ್ಗಪ್ಪಣ್ಣ."

"ತಾಂಡೇಲನಿಗೆ ನೀನೇ ಹೇಳು ಹಾಗಾದ್ರೆ. ಬೋಟು ನನ್ನ ಬಿಟ್ಟು ಹೋದ್ರೆ ಒಂದು ವಾರದ ಪಾಲು ಹೋತು ನಂದು." ಹೀಗೆ ಹೇಳುತ್ತಲೇ ಅವನು ಬೈಕಿನ ಹಿಂದೆ ಕೂತಾಗಿತ್ತು. ತಾಂಡೇಲ, ಎಂದರೆ ಬೋಟಿನ ಮುಖ್ಯಸ್ಥ, ಮೇಲಿನಿಂದ ಏನೋ ಕೂಗಿದ. ದುರ್ಗಪ್ಪ ತಿರುಗಿ ನೋಡಲಿಲ್ಲ. ಈ ಇಡೀ ಪ್ರಸಂಗದಲ್ಲಿ ಯಾರಿಗೆ ಏನನ್ನಿಸೀತು ಎಂದು ಯೋಚಿಸದೆ ಮಾಡಬೇಕಾದದ್ದನ್ನು ಮಾಡಿದ ಗಂಡಸು ಅವನೊಬ್ಬ. ಅವನಿಗೆ ಭವ್ಯಾಳ ಮುಖವೂ ಗೊತ್ತಿರಲಿಲ್ಲ.

ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ಮಧ್ಯಾಹ್ನ ಮೂರೂಕಾಲು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ಕೂಸು ಗಟ್ಟಿಯಾಗಿ ಅತ್ತಿತು. ತಾಯಿಗೆ ರಕ್ತಸ್ರಾವ ನಿಲ್ಲಲು ತಡವಾಯಿತು. ಒಳಗಿನಿಂದ ಡಾಕ್ಟರು ರಕ್ತ ಕೇಳಿದಾಗ ದುರ್ಗಪ್ಪನ ಬಾಟಲಿ ಪರೀಕ್ಷೆ ಮುಗಿಸಿ ಸಿದ್ಧವಾಗಿ ಹತ್ತೇ ನಿಮಿಷವಾಗಿತ್ತು. ಹತ್ತು ನಿಮಿಷ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರಿಕೆ. ನಾಲ್ಕನೆಯ ಅಂಶ ಇನ್ನೂ ಸ್ವಲ್ಪ ದೀರ್ಘವಾಗಿದ್ದರೆ ಈ ಕಥೆಯನ್ನು ಬೇರೆ ಧ್ವನಿಯಲ್ಲಿ ಬರೆಯಬೇಕಾಗುತ್ತಿತ್ತು.

ಹೊರಗೆ ನರ್ಸು ಬಂದು ಕೇಳಿದರು: "ಕೂಸಿಗೆ ಬಟ್ಟೆ ಕೊಡಿ."

ಮಾದಿ ಯೋಗೇಶನ ಮುಖ ನೋಡಿದಳು. ಯೋಗೇಶ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಕೈಗೆ ಬಂದದ್ದು ಕಪಾಟಿನ ಕೀಲಿ. ಇಷ್ಟೆಲ್ಲ ಮುತುವರ್ಜಿಯಿಂದ ಕಾಪಾಡಿದ ಚೀಲದ ಕಡೆಯಿಂದ ಆಸ್ಪತ್ರೆಗೆ ಬಂದು ಮುಟ್ಟಿದ್ದು ಅದೊಂದೇ.

ಹೊನ್ನಿ ತನ್ನ ಪ್ಲಾಸ್ಟಿಕ್ ಕೊಟ್ಟೆಯಿಂದ ಮಡಿಕೆ ಮಡಿಕೆಯಾಗಿಟ್ಟ ಹಳೆಯ ಸೀರೆಯ ತುಂಡುಗಳನ್ನು ತೆಗೆದು ಕೊಟ್ಟಳು. ಒಗೆದು ಒಗೆದು ಬಣ್ಣ ಹೋಗಿ ಬೆಣ್ಣೆಯಷ್ಟು ಮೆತ್ತಗಾಗಿದ್ದ ಬಟ್ಟೆ. ಅಂಚು ಚುಚ್ಚದಂತೆ ಕೈಯಿಂದ ಹೊಲಿದದ್ದು.

"ಇದು ಎಲ್ಲಿತ್ತು, ಅತ್ತೆ?" ಎಂದಳು ಮಾದಿ.

"ನನ್ನ ಹಾಸಿಗೆ ಕೆಳಗೆ. ಎರಡು ತಿಂಗಳಾತು."

"ಮನೆಯೊಳಗೇ?"

"ಮತ್ತೆಲ್ಲಿ? ನೀ ಭಾರೀ ಶಾಸ್ತ್ರ ಮಾಡೂಳು. ನಿಂಗೆ ಬೇಜಾರಾಗೂದು ಬೇಡ ಅಂತ ಹೇಳ್ಲಿಲ್ಲ."

ಅಷ್ಟರಲ್ಲಿ ಹಣಕೋಣದಿಂದ ಬಂದು ಬೆಂಚಿನ ಮೇಲೆ ಕೂತಿದ್ದ ವೀಣಾ, ಈ ಮಾತು ಕೇಳಿ, ತಡೆಯಲಾರದೆ ಹೇಳಿದಳು: "ನಾನೂ ಹೇಳೂಕೆ ಹೊರಟಿದ್ದೆ ಮಾದಕ್ಕ, ಫೋನಲ್ಲಿ. ನಿಮಗೆ ಬೇಜಾರಾದೀತು ಅಂತ ಬಿಟ್ಟೆ."

ಮೂವರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಆ ಶಾಸ್ತ್ರವನ್ನು ನಂಬುವವರು ಯಾರಿದ್ದಾರೆಂದು ಹುಡುಕಿದರೆ ಅಲ್ಲಿ ಯಾರೂ ಸಿಗುತ್ತಿರಲಿಲ್ಲ. ಹೊನ್ನಿಗೆ ಮೊದಲು ನಗು ಬಂತು. ಮಾದಿ ನಗಲಿಲ್ಲ. ಗೋಡೆಗೆ ತಿರುಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮರುದಿನ ಬೆಳಿಗ್ಗೆ ಭಾಸ್ಕರ ಮಾಸ್ತರರು, ಭಾಷಣದ ದಿನದ ಅದೇ ಜುಬ್ಬದಲ್ಲಿ, ಕೀಲಿ ಕೇಳಿಕೊಂಡು ವಾರ್ಡಿಗೆ ಬಂದರು. ಅವರ ಬಟ್ಟೆಗಳೂ ಆ ಕಪಾಟಿನಲ್ಲಿಯೇ ಇದ್ದವು. ಕಿತ್ತುಹೋದ ಚಿಲಕದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಆ ಸಂಯಮಕ್ಕೆ ಮೆಚ್ಚಿಗೆ ಸಲ್ಲಬೇಕು. ಹಾಸಿಗೆಯ ಹತ್ತಿರ ನಿಂತು ಬಹಳ ಹೊತ್ತು ಕನ್ನಡಕ ಒರೆಸಿದರು.

"ಬ್ಯಾಗು ಭದ್ರವಾಗಿದೆ, ತಂಗಿ" ಎಂದರು ಕೊನೆಗೆ.

"ಇರ್ಲೇಬೇಕು ಮಾಸ್ತರ್ರೆ" ಎಂದಳು ಭವ್ಯಾ. ತೋಳಿಗೆ ಇನ್ನೂ ಸೂಜಿಯಿತ್ತು. ಮುಖ ಬಿಳಿಚಿಕೊಂಡಿತ್ತು. "ನೀವು ನಮಗೆ ಏಳನೇ ತರಗತೀಲಿ ಕಲಿಸಿದ್ದು ನಾನು ಮರೆತಿರ್ಲಿಲ್ಲ. ನೀವ್ಯಾಕೆ ಮರೆತ್ರಿ?"

  ಮಾಸ್ತರರು ಕೀಲಿ ತೆಗೆದುಕೊಂಡು, ಕೂಸಿನ ಕಾಲನ್ನು ಒಂದು ಬೆರಳಿನಿಂದ ಮುಟ್ಟಿ, ಹೋದರು. ಅಂಗಳದ ಹಲಗೆ ಆ ವಾರವೇ ಕೆಳಗಿಳಿಯಿತೆಂದು ಆಮೇಲೆ ತಿಳಿಯಿತು. ಮತ್ತೆ ಬಣ್ಣ ಹಚ್ಚುವುದಕ್ಕೆ ಎಂದು ಅವರು ಹೇಳಿದರು.

ಐದನೆಯ ದಿನ ಭವ್ಯಾ ಕೂಸಿನೊಂದಿಗೆ ಶೆಟಗೇರಿಗೆ ಮರಳಿದಳು. ಮಾಸ್ತರರು ತಂದುಕೊಟ್ಟ ಚೀಲ, ಜಿಪ್ಪು ತೆರೆಯದ ಸ್ಥಿತಿಯಲ್ಲಿ, ಅವಳ ಹಿಂದೆಯೇ ಹೊಸಿಲು ದಾಟಿತು. ಕೂಸು ಹುಟ್ಟಿಯಾಗಿತ್ತು. ಈಗ ಅದು ಒಳಗೆ ಬರಬಹುದಾಗಿತ್ತು. ಶಾಸ್ತ್ರ ಎಲ್ಲಿಯೂ ತಪ್ಪಿರಲಿಲ್ಲ.

ನೋಡಲು ಬಂದ ಕೇರಿಯ ಹೆಂಗಸರು ಇದನ್ನೇ ಹೇಳಿದರು. "ಅಷ್ಟು ಕಷ್ಟದಲ್ಲೂ ಜೀವ ಉಳೀತಲ್ಲ, ಎಂತಕೆ ಹೇಳು? ಬ್ಯಾಗು ಮನೆಯೊಳಗೆ ಇಟ್ಟಿರ್ಲಿಲ್ಲ." ದುರ್ಗಪ್ಪನ ಹೆಸರು ಯಾರೂ ಎತ್ತಲಿಲ್ಲ. ಅವನು ಒಂದು ವಾರದ ಪಾಲು ಕಳೆದುಕೊಂಡು ಕಾರವಾರದಲ್ಲಿದ್ದ. ಬಂದಿದ್ದರೂ ಅವನಿಗೆ ಚಹಾ ಕೊಟ್ಟು, ಅದೇ ಮಾತನ್ನು ಅವನೆದುರಿಗೇ ಹೇಳುತ್ತಿದ್ದರು.

ಹತ್ತು ದಿನಗಳ ನಂತರ ಮೇಲಿನ ಕೇರಿಯ ಪ್ರೀತಿ ಎಂಬ ಹುಡುಗಿ ಬಂದಳು. ಅವಳಿಗೆ ಎಂಟು ತಿಂಗಳು. ಕೈಯಲ್ಲಿ ಒಂದು ಕೆಂಪು ಚೀಲ.

"ಭವ್ಯಕ್ಕಾ, ಇದು ನಿಮ್ಮನೇಲಿ ಇರ್ಲಿ. ನಂಗೆ ನಂಬಿಕೆ ಅಂತಲ್ಲ. ನಮ್ಮತ್ತೆಗೆ ಬೇಜಾರಾಗೂದು ಬೇಡ. ನಿಮ್ಮದು ಒಳ್ಳೇದಾತಲ್ಲ, ಹಾಗಾಗಿ ನಿಮ್ಮನೇಲೇ ಇಡು ಅಂದ್ರು."

ಭವ್ಯಾ ಕೂಸಿಗೆ ಹಾಲೂಡುತ್ತಿದ್ದಳು. ಹೇಳಬೇಕಾದ ಎಲ್ಲ ಮಾತುಗಳೂ ಅವಳಲ್ಲಿದ್ದವು: ಇಪ್ಪತ್ತೈದು ನಿಮಿಷ, ಹತ್ತು ನಿಮಿಷ, ಕೀಲಿ, ಕಪಾಟು. ಹೇಳಿದಳು ಕೂಡ. ಪ್ರೀತಿ ಎಲ್ಲದಕ್ಕೂ ತಲೆಯಾಡಿಸಿ, ಕಣ್ಣು ತುಂಬಿಕೊಂಡು, ಕೊನೆಗೆ ಕೇಳಿದಳು: "ಹೌದು ಅಕ್ಕ. ಆದ್ರೆ ನಮ್ಮತ್ತೆಗೆ ಎಂತ ಹೇಳೂದು?"

ಮೂಲೆಯಲ್ಲಿ ಕೂಸಿನ ಬಟ್ಟೆ ಮಡಿಸುತ್ತಿದ್ದ ಹೊನ್ನಿಗೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಹೊನ್ನಜ್ಜಿ ಹೇಳ್ದಳು ಅಂತ ಹೇಳು" ಎಂದಳು. "ಎಂಟು ತಿಂಗಳಾದ ಮೇಲೆ ಬ್ಯಾಗು ಬಸುರಿ ಮಂಚದ ಕೆಳಗೇ ಇರಬೇಕು. ಹೊರಗೆ ಇಟ್ರೆ ಆಗೂದಿಲ್ಲ. ಹಿಂದಿಂದ ಬಂದ ಶಾಸ್ತ್ರ."

ಪ್ರೀತಿಯ ಮುಖ ಒಮ್ಮೆಗೇ ಹಗುರಾಯಿತು. ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಬಂದ ದಾರಿಯಲ್ಲಿಯೇ ತಿರುಗಿದಳು.

"ಅಜ್ಜೀ, ನೀ ಸುಳ್ಳು ಹೇಳ್ದೆ" ಎಂದಳು ಭವ್ಯಾ.

"ನಂಗೂ ಬೇಜಾರಾತು" ಎಂದಳು ಹೊನ್ನಿ, ಇನ್ನೊಂದು ತುಂಡು ಮಡಿಸುತ್ತ. "ಎಂತ ಮಾಡೂದು? ನೀ ಹೇಳಿದ್ದನ್ನ ಅವಳು ಕೇಳಿದ್ಳು ಅಷ್ಟೇ, ನೋಡು. ನಾ ಹೇಳಿದ್ದನ್ನ ಮಾಡ್ತಳು."

ವಿವೇಕವು ವಿವೇಕದ ಹೆಸರಿನಲ್ಲಿ ಹೊಸಿಲು ದಾಟಲಾರದೆ, ಶಾಸ್ತ್ರದ ಸೀರೆಯುಟ್ಟು ದಾಟಬೇಕಾಯಿತೆಂಬುದು ನಾಚಿಕೆಯ ಸಂಗತಿ. ಆ ನಾಚಿಕೆ ನಮ್ಮದು, ಹೊನ್ನಿಯದಲ್ಲ. ಈಗ ಶೆಟಗೇರಿಯ ಆ ಕೇರಿಯಲ್ಲಿ ಎಂಟು ತಿಂಗಳು ತುಂಬಿದ ಪ್ರತಿಯೊಬ್ಬಳ ಮಂಚದ ಕೆಳಗೂ ಒಂದು ಚೀಲವಿರುತ್ತದೆ. ಯಾಕೆ ಎಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ. ತಮಗೆ ನಂಬಿಕೆಯಿಲ್ಲ, ಮನೆಯ ಹಿರಿಯರಿಗೆ ಬೇಜಾರಾಗಬಾರದು ಎನ್ನುತ್ತಾರೆ.